ಚಂದ್ರನ ಫ್ಯೂಸು ಕೀಳಲಾಗದ ಸಿದ್ದರಾಜು

ಹುಣ್ಣಿಮೆಯ ಸಂಜೆ ಲೈನ್‌ಮನ್ ಸಿದ್ದರಾಜು ತನ್ನ ಮನೆಯ ಪೂರ್ವದ ಕಿಟಕಿಗೆ ಗೋಣಿಚೀಲ ಕಟ್ಟುತ್ತಿದ್ದ. ಸೊಳ್ಳೆಗಲ್ಲ, ಚಳಿಗಲ್ಲ, ಚಂದ್ರ ಒಳಗೆ ಬರಬಾರದೆಂದು. ಲೊಕ್ಕನಹಳ್ಳಿಯ ಮರಗಳ ಮೇಲೆ ಆ ದುಂಡುಮುಖ ಕಂಡರೆ ಸಾಕು, ಬೇಡದ ನೆಂಟ ಬಂದ ಹಾಗೆ ಮುಖ ಸಿಂಡರಿಸುತ್ತಿದ್ದ. “ಬಂದ ನೋಡಿ ಸಾ. ಮೀಟ್ರಿಲ್ಲ, ಬಿಲ್ಲಿಲ್ಲ, ರಾತ್ರಿಯೆಲ್ಲಾ ಉರೀತಾನೆ. ಫ್ಯೂಸ್ ಕೀಳವಾ ಅಂದ್ರೆ ಅತ್ತಕೆ ಕಂಬ ಎಲ್ಲದೆ?”

ನಕ್ಷತ್ರ ನೋಡುವ ಹುಚ್ಚಿನವರಿಗೆಲ್ಲ ಇದೇ ಕಾಯಿಲೆ. ಬೆಳದಿಂಗಳು ಚೆಲ್ಲಿದರೆ ಮಸುಕಾದ ನಕ್ಷತ್ರಗಳೆಲ್ಲ ಮಾಯ. ಲೋಕವೆಲ್ಲ ಚಂದ್ರನನ್ನು ಹೊಗಳುವ ಆ ಹತ್ತು ದಿನ ನಾವು ನಾಲ್ವರು ನಿರುದ್ಯೋಗಿಗಳು. ಕೊಳ್ಳೇಗಾಲದಲ್ಲಿ ಔಷಧಿ ಅಂಗಡಿ ಇಟ್ಟಿರುವ ನಾನು, ಹನೂರಿನ ಬ್ಯಾಂಕಿನ ಗುಮಾಸ್ತರು, ಯಳಂದೂರಿನ ವಿಜ್ಞಾನದ ಮೇಷ್ಟ್ರು, ಮತ್ತೆ ಈ ಸಿದ್ದರಾಜು. ನಮ್ಮ ಮೂವರ ದೂರದರ್ಶಕಗಳು ಪೆಟ್ಟಿಗೆ ಸಮೇತ ವಿಮಾನದಲ್ಲಿ ಬಂದವು. ಅವನದು ಬೋರ್‌ವೆಲ್ಲಿನ ಪೈಪಿಗೆ ತಾನೇ ಉಜ್ಜಿದ ಕನ್ನಡಿ ಕೂರಿಸಿದ್ದು. ಅದರಲ್ಲೇ ಚೆನ್ನಾಗಿ ಕಾಣುತ್ತದೆಂದು ನಾವು ಮೂವರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಹುಣ್ಣಿಮೆಗೆ ಹತ್ತಿರದ ಭಾನುವಾರ ಮಧ್ಯಾಹ್ನ ಅವನ ಮನೆಯಲ್ಲಿ ನಮ್ಮ ಸಭೆ. ಮಸೂರಗಳನ್ನು ಬಿಚ್ಚಿ ಒರೆಸಿ, ಮೊದಲಿಗಿಂತ ಹೆಚ್ಚು ಬೆರಳಚ್ಚು ಮೂಡಿಸಿ ಮತ್ತೆ ಜೋಡಿಸುವುದು ಮೊದಲ ಕಾರ್ಯಕ್ರಮ. ಮುಂದಿನ ಅಮಾವಾಸ್ಯೆಗೆ ನೋಡಬೇಕಾದ ನಲವತ್ತು ವಸ್ತುಗಳ ಪಟ್ಟಿಯನ್ನು ಮೇಷ್ಟ್ರು ಓದುತ್ತಿದ್ದರು. ಹಿಂದಿನ ಪಟ್ಟಿಯಲ್ಲಿ ನೋಡಿದ್ದು ಮೂರೇ ಎಂದು ಗುಮಾಸ್ತರು ನೆನಪಿಸಿದರೆ ಜಗಳ. ಖಗೋಳದ ಬಗ್ಗೆ ನಾವು ಅತಿ ಹೆಚ್ಚು ಮಾತಾಡಿದ್ದು ಏನೂ ಕಾಣದ ದಿನಗಳಲ್ಲೇ.

ಸಿದ್ದರಾಜು ಆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಹುಣ್ಣಿಮೆಯ ವಾರ ಜಿಲ್ಲೆಯಲ್ಲಿ ಅವನಂಥ ಲೈನ್‌ಮನ್ ಇನ್ನೊಬ್ಬನಿರಲಿಲ್ಲ. ಜೋತ ತಂತಿ ಎಳೆದು ಕಟ್ಟುವನು, ಕೊಂಬೆ ಕಡಿಯುವನು, ಕರೆಯದಿದ್ದರೂ ಪಂಪ್‌ಸೆಟ್ಟಿನ ಹತ್ತಿರ ಹಾಜರಾಗುವನು. ಅಮಾವಾಸ್ಯೆ ಹತ್ತಿರವಾದಂತೆ ಊರ ಬೀದಿದೀಪಗಳಿಗೆ ಒಂದೊಂದಾಗಿ ರೋಗ ತಗುಲುತ್ತಿತ್ತು. ಜನ ಇದಕ್ಕೆ ಒಗ್ಗಿಹೋಗಿದ್ದರು. “ಉಣ್ಣಿಮೆ ಬರ್ಲಿ ಬುಡು, ಸಿದ್ರಾಜ ಸರಿಯಾಯ್ತಾನೆ” ಎಂದು ದೂರುಗಳನ್ನು ಕೂಡಿಟ್ಟುಕೊಳ್ಳುತ್ತಿದ್ದರು.

ಹೀಗೆ ನಡೆದಿದ್ದ ಸಂಸಾರಕ್ಕೆ ಪಂಚಾಯಿತಿಯವರು ಊರ ನಡುವೆ ಹೈಮಾಸ್ಟ್ ದೀಪ ತಂದು ನಿಲ್ಲಿಸಿದರು. ತೆಂಗಿನ ಮರಕ್ಕಿಂತ ಎತ್ತರದ ಕಂಬ, ತುದಿಯಲ್ಲಿ ಆರು ದೀಪಗಳ ಗೊಂಚಲು. ಕಾಡುಹಂದಿ, ಆನೆಗಳ ಭಯದಲ್ಲಿ ಬೆಳಗಿನ ಜಾವ ಹಾಲು ಹೊತ್ತು ನಡೆಯುವ ಹೆಂಗಸರು ಎರಡು ವರ್ಷ ಕೇಳಿ ಪಡೆದ ಬೆಳಕದು. ಅದಕ್ಕೆ ಸಂಪರ್ಕ ಕೊಡುವ ಕೆಲಸ ಸಿದ್ದರಾಜುವಿನ ಪಾಲಿಗೇ ಬಂತು. “ಮುಗೀತು ಸಾ. ಇನ್ಮ್ಯಾಕೆ ತಿಂಗ್ಳು ಪೂರ್ತಿ ಉಣ್ಣಿಮೆ,” ಎಂದು ಫೋನಿನಲ್ಲಿ ಅತ್ತೇಬಿಟ್ಟ. ನಾವು ಮೂವರೂ ತುರ್ತು ಸಭೆ ಸೇರಿ ಅವನಿಗೆ ಧೈರ್ಯ ತುಂಬಿದೆವು. ದೀಪದ ಸ್ವಿಚ್ಚಿನ ಪೆಟ್ಟಿಗೆಯ ಬೀಗದ ಕೈ ನಿನ್ನ ಹತ್ತಿರವೇ ಇರುತ್ತದಲ್ಲ ಎಂದೆವು. ಓದಿದವರ ಧೈರ್ಯ ಹೀಗೆಯೇ ಇರುತ್ತದೆ.

ಹೈಮಾಸ್ಟ್ ಹುಣ್ಣಿಮೆಯ ವಾರವೆಲ್ಲ ಉರಿಯಿತು, ಅಮಾವಾಸ್ಯೆ ಹತ್ತಿರವಾದಂತೆ ಕೆಟ್ಟಿತು. ಎರಡನೆಯ ತಿಂಗಳಿಗೇ ಇದನ್ನು ಹಿಡಿದವಳು ಎರಡು ಎಮ್ಮೆ ಕಟ್ಟಿಕೊಂಡು ಒಂಟಿಯಾಗಿ ಬದುಕುತ್ತಿದ್ದ ರಾಚಮ್ಮ. ಒಂದು ದಿನ ನಮ್ಮೆದುರೇ ಅವನನ್ನು ಬೀದಿಯಲ್ಲಿ ನಿಲ್ಲಿಸಿಕೊಂಡಳು.

“ಏನ್ಲಾ ಸಿದ್ರಾಜ, ತಿಂಗ್ಳು ಬೆಳಕಲ್ಲಿ ದೀಪ ಅಚ್ತೀಯ, ಕಗ್ಗತ್ಲಲ್ಲಿ ಆರಿಸ್ತೀಯ. ನಿಂಗೆ ಕೆಲ್ಸ ಕೊಟ್ಟೋನು ಯಾವನ್ಲಾ?”

“ಓವರ್‌ಲೋಡ್ ಕಣವ್ವ.”

“ಯಾರ್ ತಲೇಗ್ಲಾ ಓವರ್‌ಲೋಡು?”

ನಾವು ನಕ್ಕೆವು. ಅವನು ನಗಲಿಲ್ಲ. ಆಮೇಲೆ ಅವನು ಒಂದು ನಿಯಮ ಮಾಡಿಕೊಂಡ. ಏನೇ ಆಗಲಿ, ಬೆಳಗಿನ ಜಾವ ನಾಲ್ಕೂವರೆಗೆ ದೀಪ ಹತ್ತಬೇಕು. ಐದಕ್ಕೆ ಡೈರಿಗೆ ಹೋಗುವವರು ಹೊರಡುತ್ತಾರೆ.

ಮುಂದಿನ ಅಮಾವಾಸ್ಯೆಯ ಬೆಳಗಿನ ಜಾವ ಸಿದ್ದರಾಜುವಿನ ಅಂಗಳದಲ್ಲಿ ನನ್ನ ದೂರದರ್ಶಕಕ್ಕೆ ಒಂದು ಗೆಲಾಕ್ಸಿ ಸಿಕ್ಕಿತ್ತು. ಅಕ್ಕಿ ತೊಳೆದ ನೀರು ಚೆಲ್ಲಿದ ಹಾಗೆ ಒಂದು ಕಲೆ, ಅಷ್ಟೆ. ನಾಲ್ಕೂವರೆಯಾಗುತ್ತಲೇ ಸಿದ್ದರಾಜು ಬೀಗದ ಕೈ ತೆಗೆದು ಎದ್ದ. “ಸಾಕು ಸಾ, ಒತ್ತಾಯ್ತು.” ಇನ್ನರ್ಧ ಗಂಟೆ ಇರಲಿ ಎಂದವನು ನಾನು. ನನಗಿಂತ ಕಡಿಮೆ ಓದಿದವನು, ನನ್ನನ್ನು ‘ಸಾ’ ಎನ್ನುವವನು. ಮತ್ತೆ ಕೂತ. ಐದು ದಾಟಿದಾಗ ಹೊಲದಿಂದ ಕಾಡಿಗೆ ಮರಳುತ್ತಿದ್ದ ಹಂದಿಯ ಹಿಂಡು ಓಣಿಯಲ್ಲಿ ನುಗ್ಗಿತು. ಹಾಲಿನ ಕ್ಯಾನು ಉರುಳಿದ ಸದ್ದು ನಮಗೆ ಕೇಳಿತು. ಬಿದ್ದಿದ್ದವಳು ರಾಚಮ್ಮ. ಸೊಂಟದ ಮೂಳೆ ಮುರಿದಿತ್ತು.

ಕಾಮಗೆರೆಯ ಆಸ್ಪತ್ರೆಗೆ ನಾನು ಹಣ್ಣು, ಬಿಸ್ಕತ್ತು ಹಿಡಿದುಕೊಂಡು ಹೋದೆ. ಸಿದ್ದರಾಜು ಬರಿಗೈಯಲ್ಲಿ ಬಂದಿದ್ದ.

“ದೀಪ ನಾನೇ ಆರ್ಸಿದ್ದು ಕಣವ್ವ. ನಕ್ಷತ್ರ ನೋಡಕೆ.”

ರಾಚಮ್ಮ ಕೇಳಿದಳು. “ಒಬ್ನೇ ನೋಡ್ತಿದ್ಯಾ?”

ಅವನು ನನ್ನ ಕಡೆ ತಿರುಗಲಿಲ್ಲ. “ಊಂ. ಒಬ್ನೇ.”

“ಅಂಗಾರೆ ನಾ ಏಳೋಗಂಟ ಎಮ್ಮೆ ಕರಿಯೋನೂ ನೀನೊಬ್ನೇ.”

ನಾನು ಬಿಸ್ಕತ್ತಿನ ಪೊಟ್ಟಣಗಳನ್ನು ಸ್ಟೂಲಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದೆ. ಅಷ್ಟು ನಾಚಿಕೆ ನನಗೆ ಮೊದಲೆಂದೂ ಆಗಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಅವನು ಬೀಗದ ಕೈಯನ್ನು ಪಂಚಾಯಿತಿಗೆ ಒಪ್ಪಿಸಿ, ನಾಲ್ಕು ತಿಂಗಳು ಬೆಳಗೂ ಬೈಗೂ ಎಮ್ಮೆ ಕರೆದ. ಮೊದಲ ವಾರ ಒದೆಸಿಕೊಂಡ, ಆಮೇಲೆ ಕಲಿತ. ನಾವು ಮೂವರು ಮುಂದಿನ ಹುಣ್ಣಿಮೆಯ ಸಭೆಯನ್ನು ಯಳಂದೂರಿಗೆ ಸ್ಥಳಾಂತರಿಸಿ, ನಡೆದದ್ದಕ್ಕೆ ಒಮ್ಮತದಿಂದ ವಿಷಾದ ಸೂಚಿಸಿದೆವು. ಮಸೂರಗಳನ್ನೂ ಒರೆಸಿದೆವು.

ರಾಚಮ್ಮ ಕೋಲೂರಿ ನಡೆಯುವಂತಾದ ಮೇಲೆ ಅವಳ ಮಾತ್ರೆಗಳಿಗೆಂದು ಸಿದ್ದರಾಜು ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬರುತ್ತಿದ್ದ. ಆಕಾಶದ ಮಾತು ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ, ಅವನಿಗೆ ಬೇಜಾರಾಗಿರಬಹುದೆಂದುಕೊಂಡು ನಾನೇ ಕೇಳಿದೆ.

“ಈ ಅಮಾವಾಸ್ಯೆಗೆ ಮಾರ್ಟಳ್ಳಿ ಕಡೆ ಹೋಗ್ತಿದ್ದೇವೆ. ಬಾರಯ್ಯ.”

“ಅಲ್ಲೂ ದೊಡ್ಡ ದೀಪ ಆಕವ್ರಲ್ಲ ಸಾ?”

“ಅದಕ್ಕೊಬ್ಬ ಹುಡುಗ ಸಿಕ್ಕಿದ್ದಾನೆ. ಹೊಸ ಲೈನ್‌ಮನ್. ಒಳ್ಳೆಯವನು.”

ಸಿದ್ದರಾಜು ಮಾತ್ರೆಯ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. “ಅವನ್ ನಂಬರ್ ಕೊಡಿ ಸಾ, ನಾನೊಂದ್ ಮಾತು ಏಳ್ಬೇಕು.”

ನನ್ನ ಹತ್ತಿರ ಇಲ್ಲ ಎಂದೆ. ಅವನು ಗಲ್ಲಾದ ಮೇಲಿದ್ದ ನನ್ನ ಫೋನನ್ನೊಮ್ಮೆ ನೋಡಿದ, ಔಷಧಿ ತೆಗೆದುಕೊಂಡು ಮೆಟ್ಟಿಲಿಳಿದ.

ಮರುತಿಂಗಳಿಂದ ಅವನು ರಾಚಮ್ಮನ ಮಾತ್ರೆಗಳನ್ನು ನನ್ನ ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಾನೆ.