ಗುಡ್ಡದಾಗ ಕಿವಿ ಮಶೀನ

ನಮ್ಮ ಮನ್ಯಾವರ ಜೀವನಾ ಎಲ್ಲಾ ಹಿಟ್ಟಿನ ಗಿರಣ್ಯಾಗ ಹೋತು. ಕಲ್ಲೋಳ್ಯಾಗ ಅರ್ಧ ಊರಿನ ಜ್ವಾಳಾ ಬೀಸಿದವರು ಅವರ. ಗಿರಣಿ ತಿರಗಸೂ ಪಟ್ಟಾದ ಸಪ್ಪಳಕ್ಕ ಕಿವಿ ಮೆಲ್ಲಕ ಮಂದ ಆಗಿ, ನಮಗ ಗೊತ್ತಾಗೂದ್ರಾಗ ಪೂರ್ತಿ ಹೋಗಿದ್ವು. ಆಮ್ಯಾಲೆ ನಮ್ಮ ಮನ್ಯಾಗ ಮಾತಂದ್ರ ಒದರೂದು. ಪಲ್ಯಾಕ ಉಪ್ಪ ಸಾಕೇನ್ರಿ ಅಂತ ನಾ ಕೇಳಿದ್ರ ಬಾಜೂ ಮನಿಯಾಕಿ ಸಾಕು ಅಂತ ಹೇಳ್ತಿದ್ಲು.

ಕಿವಿ ಹೋದ್ರೂ ಗಾಡಿ ಮಾತ್ರ ಬಿಡಲಿಲ್ಲ. ಹಳೀ ಮೋಟರ್‌ಸೈಕಲ್ ಮ್ಯಾಲೆ ಮೂಡಲಗಿ ಸಂತಿಗೂ ಅವರ, ಗೋಕಾಕಕ್ಕೂ ಅವರ. ಹೋದ ಕಬ್ಬಿನ ಹಂಗಾಮಿನ್ಯಾಗ ಹಿಂದಿನ ಟ್ರ್ಯಾಕ್ಟರ್ ಎಷ್ಟ ಹಾರ್ನ್ ಹೊಡದ್ರೂ ಇವರು ಬಾಜೂಕ ಸರೀಲಿಲ್ಲ. ಕಡೀಕ ಟ್ರ್ಯಾಕ್ಟರನ ರಸ್ತಾ ಬಿಟ್ಟು ಹೊಲಕ್ಕ ಇಳೀತು. ಟ್ರ್ಯಾಕ್ಟರ್ ಹೊಡ್ಯಾಂವ ಮನೀತನಕಾ ಬಂದು ಬೈದು, ನೀರ ಕುಡದು ಹೋದ. ಅವತ್ತ ನಮ್ಮ ಮಗಾ ಗಾಡಿ ಕೀಲಿ ಕಸಗೊಂಡ. ಗೋಕಾಕಕ್ಕ ಕರಕೊಂಡು ಹೋಗಿ ಕಿವಿ ಮಶೀನ ಕೊಡಿಸಿದ. ಇದನ್ನ ಹಾಕ್ಕೊಂಡು ಅಪ್ಪಗ ಕೇಳ್ತೈತಿ ಅಂತ ನನಗ ಖಾತ್ರಿ ಆದ್ರ ಕೀಲಿ ಕೊಡ್ತೇನಿ, ಇಲ್ಲಂದ್ರ ಗಾಡಿ ಮಾರ್ತೇನಿ ಅಂದ.

ಗಾಡಿ ಇಲ್ಲದ ಇವರು ಮನ್ಯಾಗ ಕುಂತ್ರ ಹೆಂಗಿರ್ತೈತಿ ಅಂತ ನನಗ ಗೊತ್ತು. ಡಬ್ಬಿ ಮುಚ್ಚಳಾ ತಗದ ನೋಡೂದು, ಒಲಿ ಮುಂದ ಬಂದು ನಿಂತು ರೊಟ್ಟಿ ಹಿಂಗ ಬಡಿ, ಹಂಗ ಬಡಿ ಅನ್ನೂದು. ಆ ಕೀಲಿ ಅವರಿಗಿಂತ ನನಗ ಹೆಚ್ಚ ಬೇಕಾಗಿತ್ತು.

ಮಶೀನ ಕೊಟ್ಟಾಕಿ ಮೊದಲಿಗೆ ಸಪ್ಪಳ ಇರದ ಜಾಗಾದಾಗ ಹಾಕ್ಕೊಂಡು ರೂಢಿ ಮಾಡ್ಕೋರಿ ಅಂದಿದ್ಲಂತ. ನಮ್ಮ ಮನ್ಯಾಗ ಅಂಥಾ ಜಾಗಾ ಎಲ್ಲಿ ಐತಿ? ಮಿಕ್ಸರ್ ನಿಂತ್ರ ಟಿವಿ, ಟಿವಿ ನಿಂತ್ರ ಬೋರಿನ ಮೋಟರ್. ಗುಡ್ಡಕ್ಕ ಹೋಗೂಣ್ರಿ ಅಂತ ಹೇಳಿದಾಕಿ ಸೊಸಿ, ಅರಭಾವಿ ಕಡಿಯಾಕಿ. ನನಗ ನಗು ಬಂತು. ಗುಡ್ಡದ ಮಗ್ಗಲದ ದಡ್ಡಿ ಊರಾಗ ನನ್ನ ತವರಮನಿ. ನಾವು ಗುಡ್ಡಾ ಏರತಿದ್ದದ್ದು ಕಟಗಿ ತರಾಕ. ಬರೇಗೈಲೇ ಏರಿ ಬರೇಗೈಲೇ ಇಳಿಯೂದು ಯಾವ ಶಾಣ್ಯಾತನಾ ಅನಿಸ್ತು. ಆದ್ರ ಕೀಲಿ ಸಲುವಾಗಿ ಹೂಂ ಅಂದೆ.

ದಸರಾ ಮುಗದ ಮ್ಯಾಲಿನ ಐತವಾರ ಹೋದ್ವಿ. ಗೋಕಾಕದ ಆಚೆ ಗುಡ್ಡದ ಬುಡಕ ಮಗಾ ತನ್ನ ಟೆಂಪೋ ನಿಲ್ಲಿಸಿದ. ಗುಡ್ಡ ದೊಡ್ಡದಲ್ಲ. ಮಳಿ ಆಗಿ ಹಸರಾಗಿತ್ತು, ಬಾಜೂಕ ಸೀತಾಫಳ ಹಣ್ಣಿಗೆ ಬಂದು ಕಣ್ಣ ಬಿಟ್ಟಿದ್ವು. ಯಾರೂ ಮಾತಾಡಬ್ಯಾಡ್ರಿ, ಅಜ್ಜ ಗುಡ್ಡದ ಸಪ್ಪಳಾ ಕೇಳಲಿ ಅಂತ ಮೊಮ್ಮಗಳು ಹುಕುಂ ಮಾಡಿದ್ಲು. ನಮ್ಮ ಮನಿ ಮಂದಿ ಎಲ್ಲಾ ಇಷ್ಟು ಸುಮ್ಮ ಇದ್ದದ್ದು ಯಾರರೆ ಸತ್ತಾಗ ಮಾತ್ರ ನಾ ನೋಡೇನಿ.

ದಾರಿ ಸಣ್ಣದು, ಒಬ್ಬರ ಹಿಂದ ಒಬ್ಬರು ಹೋಗಬೇಕು. ಇವರು ಮುಂದ, ಹಿಂದ ನಾವೆಲ್ಲಾ. ಕೇಳ್ತೈತೋ ಇಲ್ಲೋ ಅಂತ ಮಗಾ ಮನ್ಯಾಗ ಮಾಡಿದ ಪರೀಕ್ಷಾದಾಗೆಲ್ಲಾ ಇವರು ಪಾಸ ಆಗಿದ್ರೂ ಅಂವಗ ಖಾತ್ರಿ ಆಗಿರಲಿಲ್ಲ. ಇಲ್ಲಿ ಮಗಾ ಸಣ್ಣ ದನಿಲೇ ಕರದ, ತಿರಗಲಿಲ್ಲ. ಸ್ವಲ್ಪ ಜೋರ ಕರದ, ಇಲ್ಲ. ಸೊಸಿ ಚಾ ಕುಡೀತೀರೇನ್ರಿ ಮಾವಾರ ಅಂದ್ಲು. ಚಾ ಅಂದ್ರ ಜ್ವರದಾಗೂ ಎದ್ದ ಕುಂದರೂ ಮನುಷ್ಯಾರು, ಹಂಗ ನಡದ್ರು.

ಮಗಾ ಮುಂದ ಹೋಗಿ ಕಿವಿ ಹಿಂದ ನೋಡಿದ. ಮಶೀನ ಬಂದ್ ಇತ್ತು. ಹಾಕ್ಕೊಂಡ ಮೊದಲನೇ ದಿನಾನ ಬಂದ್ ಮಾಡಿದ್ರಂತ. ಆ ಗಿರಣಿ ಗದ್ದಲದಾಗ ಗಿರಾಕಿ ಬಾಯಿ ನೋಡೇ ಹಿಟ್ಟ ದಪ್ಪಗ ಬೇಕೋ ಸಣ್ಣಗ ಬೇಕೋ ತಿಳಕೋತಿದ್ದವರಿಗೆ ನಮ್ಮ ಪರೀಕ್ಷಾ ಯಾವ ದೊಡ್ಡ ಮಾತು? ಎಲ್ಲಾರ ಬಾಯಿ ನೋಡಿ ಉತ್ತರಾ ಕೊಟ್ಟಿದ್ರು. ಗುಡ್ಡದ ದಾರ್ಯಾಗ ನಮ್ಮ ಬಾಯಿ ಎಲ್ಲಾ ಅವರ ಬೆನ್ನ ಹಿಂದ ಇದ್ವು, ಸಿಕ್ಕೊಂಡ್ರು.

ನಾಳೇನ ಗಾಡಿ ಮಾರ್ತೇನಿ ಅಂದ ಮಗಾ. ಇವರು ಒಂದ ಕಲ್ಲಿನ ಮ್ಯಾಲೆ ಕುಂತ್ರು. ಮನ್ಯಾಗ ಚಾಲೂ ಮಾಡಿದ್ರ ತಲ್ಯಾಗ ಗಿರಣಿ ಇಟ್ಟಂಗ ಆಗ್ತೈತಿ ಅಂದ್ರು. ಖರೆ ಇರಬೇಕು. ನಾ ಒದರಲಿಲ್ಲ. ಎದುರಿಗೆ ಹೋಗಿ, ಬಾಯಿ ಕಾಣೂಹಂಗ ನಿಂತು, "ಇಲ್ಲಿ ಯಾವ ಮಿಕ್ಸರ್ ಐತಿ? ಚಾಲೂ ಮಾಡ್ರಿ. ಗಾಡಿ ಹೋತಂದ್ರ ದಿನಾ ನನ್ನ ಒಲಿ ಮುಂದ ನಿಂದರ್ತೀರಿ. ಅದು ನನ್ನ ಕೈಲೇ ಆಗೂದಿಲ್ಲ" ಅಂದೆ.

ನನ್ನ ಮಾರಿ ನೋಡಿದ್ರು. ಆಮ್ಯಾಲೆ ಕಿವಿ ಹಿಂದ ಬೆರಳ ಹಾಕಿ ಮಶೀನ ಚಾಲೂ ಮಾಡಿದ್ರು.

ಕಣ್ಣ ಕಿರಿದು ಮಾಡಿ ಕೇಳಿಸಿಕೊಂಡ್ರು. ಏನ ಹುರಿಯಾಕತ್ತೀರಿ ಅಂತ ಕೇಳಿದ್ರು. ಯಾರೂ ಏನೂ ಹುರಿಯಾಕತ್ತಿರಲಿಲ್ಲ. ಗಾಳಿಗೆ ಒಣಗಿದ ಎಲಿ ಹಾರಾಕತ್ತಿದ್ವು.

ಮ್ಯಾಲೆ ಹಾಸಗಲ್ಲಿನ ಮ್ಯಾಲೆ ಬುತ್ತಿ ಬಿಚ್ಚಿದ್ವಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಎಲ್ಲಾರೂ ರೊಟ್ಟಿ ಮುರದು ಬಾಯಾಗ ಇಟ್ವಿ. ದಿನಾ ಹಿಂಗ ದನ ಮೇದಂಗ ತಿಂತೀರೇನ ಅಂತ ಇವರು ಕೇಳಿದ್ರು. ಎಲ್ಲಾರಕಿಂತ ಜೋರ ನಿಮ್ಮದ ಬಾಯಿರಿ ಅಂದ್ಲು ಸೊಸಿ. ಒಂದ ತುತ್ತ ತಾವ ಅಗದು ಕೇಳಿ ನೋಡಿದ್ರು. ಉಳದ ರೊಟ್ಟಿ ಮೊಸರಾಗ ನೆನಸಿ ತಿಂದ್ರು.

ಮಗಾ ಇನ್ನೂ ಗಟ್ಟಿ ಕುಂತಿದ್ದ. ಕೀಲಿ ಸುದ್ದಿ ತಗೀಲಿಲ್ಲ. ಚಾಲೂ ಮಾಡಿದ್ದು ಇವತ್ತ, ನಾಳೆ ಮತ್ತ ಬಂದ್ ಮಾಡ್ತಾರ ಅನ್ನೂದು ಅಂವನ ಮಾತು. ಅದೂ ಸುಳ್ಳಲ್ಲ.

ಇಳಿಯೂಮುಂದ ಇವರು ಮುಂದ, ಅವರ ಹಿಂದ ನಾ. ಧೋತರ ಎತ್ತಿ ಕಟ್ಟಿರಲಿಲ್ಲ, ಮುಳ್ಳಿನ ಕಂಟಿಗೆ ತಾಗಿಸಿಕೋತ ನಡದಿದ್ರು. ನಾನು ಇಷ್ಟ ವರ್ಷದ ರೂಢಿಯಂಗ ನನ್ನಷ್ಟಕ್ಕ ಗೊಣಗಿದೆ, "ಹರಕೋತಾನ ನೋಡ ಹಟಮಾರಿ, ಹೊಲಿಯಾಕ ನಾ ಅದೇನಲ್ಲಾ."

"ಹರದಿಲ್ಲ," ಅಂದ್ರು ಮುಂದಿನಿಂದ.

ನನ್ನ ಕಾಲು ಅಲ್ಲೇ ನಿಂತ್ವು. ಹಿಂದಿದ್ದ ಸೊಸಿ ನನಗ ಬಂದ ಬಡದ್ಲು.

"ಇಷ್ಟ ವರ್ಷ ಹಿಂಗ ಅಂತಿದ್ದ್ಯೇನ ನನಗ?" ತಿರಗಿ ನೋಡಲಾರದ ಕೇಳಿದ್ರು.

"ಮತ್ಯಾರಿಗೆ ಅನ್ನಲಿ?"

"ಹಂಗಾರ ಇದನ್ನ ತಗಿಯೂದಿಲ್ಲ. ಏನೇನ ಅಂತಿ ಎಲ್ಲಾ ಕೇಳ್ತೇನಿ."

ಮೊಮ್ಮಗಳಿಗೆ ನಕ್ಕು ನಕ್ಕು ಬಿಕ್ಕಳಿಕಿ ಹತ್ತಿದ್ವು. ಮಗಾ ನಗಲಿಲ್ಲ. ದಾರಿ ಬಿಟ್ಟು ಕಂಟಿ ದಾಟಿ ಮುಂದ ಹೋಗಿ, ಇವರ ಕೈಯಾಗ ಕೀಲಿ ಇಟ್ಟ.

ಮರದಿನಾ ಮುಂಜಾನೆ ಮಶೀನ ಹಾಕ್ಕೊಂಡು ಮೂಡಲಗಿಗೆ ಹೋದ್ರು. ನಾ ಒಬ್ಬಾಕೀನ ಒಲಿ ಮುಂದ ಆರಾಮ ರೊಟ್ಟಿ ಬಡದೆ. ಗೊಣಗೂದಿದ್ರ ಮಾತ್ರ ಈಗ ಗಾಡಿ ಓಣಿ ದಾಟಿದ ಮ್ಯಾಲೇನ.