ಕೊಳೆಯೆಂದು ಅಳಿಸಿದ್ದು

2014ರಲ್ಲಿ ನಾನು ಲೀಡ್ಸ್‌ನ ಒಂದು ಖಾಸಗಿ ಲ್ಯಾಬಿನಲ್ಲಿ ಡಿಜಿಟಲ್ ರೆಸ್ಟೊರೇಶನ್ ವಿಭಾಗದ ಮುಖ್ಯಸ್ಥನಾಗಿದ್ದೆ. ಹಳೆಯ ಫಿಲ್ಮನ್ನು ಸ್ಕ್ಯಾನ್ ಮಾಡಿ, ಗೀರು, ಧೂಳು ತೆಗೆದು ಹೊಸದರಂತೆ ಮಾಡಿಕೊಡುವುದು ನಮ್ಮ ಕೆಲಸ. ಹದಿನೆಂಟು ವರ್ಷಗಳ ಅನುಭವವಿತ್ತು. ಕೊಬ್ಬೂ ಅಷ್ಟೇ ಇತ್ತು.

ಆ ವರ್ಷ 1934ರ ಬ್ರಿಟಿಷ್ ಚಿತ್ರವೊಂದು ಬಂತು. ಮಕ್ಕಳ ಪತ್ತೇದಾರಿ ಕಾದಂಬರಿಯಿಂದ ತೆಗೆದದ್ದು. ಉಳಿದಿದ್ದು ಒಂದೇ ಪ್ರತಿ, ಅದೂ ನೈಟ್ರೇಟ್ ಫಿಲ್ಮ್. ಅದು ಬೇಗ ಹೊತ್ತಿಕೊಳ್ಳುತ್ತದೆ, ಹಳತಾದಂತೆ ಅಂಟಂಟಾಗಿ ಕೊಳೆಯುತ್ತದೆ. ಹೇಗೋ ಒಮ್ಮೆ ಸ್ಕ್ಯಾನ್ ಮಾಡಿ, ಬೆಂಕಿ ಸುರಕ್ಷತೆಯ ನಿಯಮದಂತೆ ಅದನ್ನು ನಾಶ ಮಾಡಿಸಿದೆವು.

ಸ್ಕ್ಯಾನಿಂಗ್ ನೋಡಿಕೊಳ್ಳುತ್ತಿದ್ದವನು ಹುಬ್ಬಳ್ಳಿಯ ಇಮ್ತಿಯಾಜ್. "ಸರ್, ಕ್ಲೀನಿಂಗ್‌ಗೆ ಮುಂಚೆ ಒಂದ್ಸಲ ಕೂತು ಸಿನಿಮಾ ಪೂರ್ತಿ ನೋಡಿಬಿಡೋಣ" ಎಂದ.

"ಸಿನಿಮಾ ನೋಡೋಕೆ ಸಂಬಳ ಕೊಡ್ತಾರೇನಯ್ಯಾ? ಶುಕ್ರವಾರ ಡೆಲಿವರಿ. ಆಟೋ ಕ್ಲೀನಿಂಗ್‌ಗೆ ಹಾಕು, ಫುಲ್ ಸ್ಟ್ರೆಂತ್."

ಒಂದೆರಡು ಫ್ರೇಮಿನಲ್ಲಿ ಮಾತ್ರ ಕಂಡು ಮಾಯವಾಗುವ ಬಿಳಿ ಚುಕ್ಕೆಯನ್ನು ಸಾಫ್ಟ್‌ವೇರ್ ಕೊಳೆಯೆಂದು ಅಳಿಸುತ್ತದೆ. ನಾವು ಪರೀಕ್ಷಿಸುತ್ತಿದ್ದದ್ದೂ ಚಿತ್ರವನ್ನು ನಿಲ್ಲಿಸಿ, ಒಂದೊಂದು ಫ್ರೇಮನ್ನೇ ದೊಡ್ಡದು ಮಾಡಿ. ಲಕ್ಷದಷ್ಟು ಫ್ರೇಮುಗಳಲ್ಲಿ ಧೂಳಿನ ಕಣವಿಲ್ಲ. ಸರ್ವರ್ ತುಂಬಿತ್ತೆಂದು ಮೂಲ ಸ್ಕ್ಯಾನನ್ನು ನಾನೇ ಡಿಲೀಟ್ ಮಾಡಿದೆ.

ಪ್ರದರ್ಶನಕ್ಕೆ ಸ್ಟಾಕ್‌ಪೋರ್ಟ್‌ನಿಂದ ಮಗಳೊಂದಿಗೆ ಮಿಸೆಸ್ ಹಾಲ್ ಎಂಬ ಅಜ್ಜಿ ಬಂದಿದ್ದರು. ಎಂಬತ್ತೆಂಟು ವರ್ಷ. ಎಂಟರ ಹುಡುಗಿಯಾಗಿದ್ದಾಗ ಆ ಚಿತ್ರದಲ್ಲಿ ನಟಿಸಿದ್ದರಂತೆ. ಮುಖ ಕಾಣುವುದಿಲ್ಲ, ಕೈ ಮಾತ್ರ. ಕಳ್ಳರು ಹುಡುಗಿಯನ್ನು ಹೊತ್ತೊಯ್ಯುವ ವ್ಯಾನಿನ ಕಿಟಕಿಯಿಂದ ಆ ಕೈ ಕಾಗದದ ಚೂರುಗಳನ್ನು ಹಾರಿಬಿಡುತ್ತದೆ, ಅವನ್ನು ಕಂಡು ಮಕ್ಕಳು ಬೆನ್ನಟ್ಟುತ್ತಾರೆ. ಮನೆಯಲ್ಲಿ ಯಾರೂ ಇದನ್ನು ನಂಬಿರಲಿಲ್ಲ. ಮಗಳಿಗೆ ತೋರಿಸಬೇಕೆಂದೇ ಅವರು ಬಂದದ್ದು. ಇದನ್ನೆಲ್ಲ ಬಾಗಿಲಲ್ಲೇ ನಗುತ್ತಾ ಹೇಳಿದರು. ಕಾಗದದ ಚೂರು ಎಂದಾಗಲೇ ನನಗೆ ಆ ಬಿಳಿ ಚುಕ್ಕೆಗಳು ನೆನಪಾದವು.

ವ್ಯಾನು ಬಂತು. ಕಿಟಕಿಯಿಂದ ಪುಟ್ಟ ಕೈ ಹೊರಬಂತು. ಮುಷ್ಟಿ ಬಿಚ್ಚಿತು, ಮುಚ್ಚಿತು, ಮತ್ತೆ ಬಿಚ್ಚಿತು. ಗಾಳಿಯಲ್ಲಿ ಏನೂ ಇರಲಿಲ್ಲ. ಮಕ್ಕಳು ಬರಿಯ ರಸ್ತೆಯ ಕಡೆ ಬೆರಳು ತೋರಿಸಿ ಕಿರುಚುತ್ತಾ ಓಡಿದರು.

"ನಾನು ಚೂರು ಎಸೆದಿದ್ದೆ. ನಾನೇ ಹರಿದಿದ್ದು" ಎಂದರು ಅಜ್ಜಿ.

"ಅಮ್ಮಾ, ಬರೀ ಟಾಟಾ ಮಾಡಿದ್ದೀಯ ಅಷ್ಟೇ. ಎಂಬತ್ತು ವರ್ಷ ಆಯ್ತಲ್ಲ, ಮರೆತಿರ್ತೀಯ."

ಇಮ್ತಿಯಾಜ್ ನನ್ನ ಕಡೆ ತಿರುಗಿದ. ಚಿತ್ರ ಕೊಟ್ಟವರು ನನ್ನ ಪಕ್ಕದಲ್ಲೇ ಕೂತಿದ್ದರು, ಎಷ್ಟು ಸ್ವಚ್ಛವಾಗಿದೆ ಎಂದು ಆಗಷ್ಟೇ ಹೊಗಳಿದ್ದರು. ಎದ್ದು "ತಪ್ಪು ನನ್ನದು, ಅವರು ಹೇಳಿದ್ದೇ ನಿಜ" ಎನ್ನಲು ಅರ್ಧ ನಿಮಿಷ ಸಾಕಿತ್ತು. ಹೇಡಿ ನಾನು, ಬಾಯಿ ಬಿಡಲಿಲ್ಲ.

ಅಜ್ಜಿ ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು. "ಇರಬಹುದು" ಎಂದರು.

ಮುಂದೆ ಯಾವ ಚಿತ್ರ ಬಂದರೂ ಕೈ ಹಚ್ಚುವ ಮೊದಲು ಕುರ್ಚಿ ಎಳೆದುಕೊಂಡು ಪೂರ್ತಿ ನೋಡುತ್ತಿದ್ದೆ. ಕಥೆ ಗೊತ್ತಿಲ್ಲದವನಿಗೆ ಕೊಳೆ ಯಾವುದೆಂದು ಗೊತ್ತಾಗುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಆ ಅಜ್ಜಿ ಮಾತ್ರ ತಮ್ಮ ನೆನಪೇ ಸುಳ್ಳೆಂದುಕೊಂಡು ಸ್ಟಾಕ್‌ಪೋರ್ಟ್‌ಗೆ ಹೋದರು.