ಮೇಸ್ತ್ರಿಯ ಹೊಳೆಯುವ ಬಟ್ಟು

ಮಾರುಕಟ್ಟೆಯ ಮೂಲೆಯಲ್ಲಿ ಗೂಡಿನಂಥ ಅಂಗಡಿ ಇಟ್ಟುಕೊಂಡು ತಕ್ಕಡಿ ರಿಪೇರಿ ಮಾಡುವವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಅವನ ಕೈ ದಾಟಿ ಬಂದ ತಕ್ಕಡಿ ಎಂದರೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಅವನಿಗೆ ಅದರ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡುವಂಥ ಕೆಲಸವನ್ನೇ ಮಾಡುತ್ತಿದ್ದ. ಮುಳ್ಳು ತಿರುಗುವ ತಕ್ಕಡಿಯ ತಟ್ಟೆಗೆ ಇಟ್ಟು, ಮುಳ್ಳನ್ನು ಸರಿಯಾದ ಗೆರೆಗೆ ಕೂರಿಸಲು ಅವನ ಹತ್ತಿರ ಹಿತ್ತಾಳೆಯ ತೂಕದ ಬಟ್ಟುಗಳಿದ್ದವು. ಬೆಳಿಗ್ಗೆ ಬಾಗಿಲು ತೆಗೆದವನೇ ಅವನ್ನು ಬೂದಿ ಹಾಕಿ ತಿಕ್ಕಿ, ಮುಖ ಕಾಣುವಂತೆ ಹೊಳೆಯಿಸಿ ಇಡುತ್ತಿದ್ದ. ಈ ಮನುಷ್ಯ ನನ್ನನ್ನೂ ಇಷ್ಟು ಅಕ್ಕರೆಯಿಂದ ನೋಡಿದವನಲ್ಲ ಎಂದು ಹೆಂಡತಿ ರೇಗಿಸುತ್ತಿದ್ದಳು.

ಮಗಳು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ ಅದೇ ಮಾರುಕಟ್ಟೆಗೆ ಬಂದಳು. ಅಂಗಡಿಯವರೆಲ್ಲ ತಕ್ಕಡಿ ತಂದು, ಪರೀಕ್ಷೆ ಮಾಡಿಸಿ, ಸರ್ಕಾರದ ಮುದ್ರೆ ಹಾಕಿಸಿಕೊಳ್ಳಬೇಕಾದ ದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗಿಂತ ಮುಂದೆ ನಿಂತ. ಮೊದಲು ಹಣ್ಣಿನಂಗಡಿಯಾಕೆಯ ತಕ್ಕಡಿ. ಮಗಳು ಇಲಾಖೆಯ ಬಟ್ಟು ಇಟ್ಟಳು. ಮುಳ್ಳು ಗೆರೆ ದಾಟಿ, ಇದ್ದುದಕ್ಕಿಂತ ಹೆಚ್ಚು ತೂಕ ತೋರಿಸಿ ನಿಂತಿತು. ಎಂದರೆ, ಇಷ್ಟು ದಿನ ಗಿರಾಕಿಗೆ ಹಣ್ಣು ಕಡಿಮೆ ಬೀಳುತ್ತಿತ್ತು. ಇನ್ನೊಂದು ತಕ್ಕಡಿ ಇಟ್ಟಳು, ಅದೂ ಹಾಗೇ. ಎರಡೂ ಮೇಸ್ತ್ರಿ ರಿಪೇರಿ ಮಾಡಿದ್ದವು.

ಅಪ್ಪನ ಮರ್ಯಾದೆ ಉಳಿಸುತ್ತಾಳೋ ಕಳೆಯುತ್ತಾಳೋ ಎಂದು ಎಲ್ಲರೂ ಅವಳನ್ನೇ ನೋಡಿದರು.

"ಅಪ್ಪ, ನಿಮ್ಮ ಬಟ್ಟು ತಗೊಂಡು ಬನ್ನಿ," ಎಂದಳು.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಈ ಹುಡುಗಿಗೆ ಎಣಿಸಲು ಕಲಿಸಿದ್ದೇ ಆ ಬಟ್ಟುಗಳನ್ನಿಟ್ಟು! ತಂದು ಕುಕ್ಕಿದ. ಮಗಳು ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದನ್ನು ಇಲಾಖೆಯ ಬಟ್ಟಿನ ಎದುರು ತೂಗಿದಳು. ಹೊಳೆಯುವ ಬಟ್ಟು ಮೇಲೆದ್ದಿತು. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಮೇಸ್ತ್ರಿಯೇ ಅದನ್ನು ಸವೆಸಿದ್ದ. ತಿಕ್ಕುವುದನ್ನು ಒಂದು ದಿನವೂ ತಪ್ಪಿಸದವನು ಇಲಾಖೆಗೆ ತೋರಿಸುವುದನ್ನು ಮಾತ್ರ ಕೈಬಿಟ್ಟಿದ್ದ. ನನ್ನ ಬಟ್ಟಿಗೆ ಯಾವ ಪರೀಕ್ಷೆ ಎಂಬ ಧಿಮಾಕು.

ಕೂದಲೆಳೆಯಷ್ಟು ವ್ಯತ್ಯಾಸ, ಈ ಸಲ ಬಿಟ್ಟುಬಿಡಮ್ಮ ಎಂದಳು ಹಣ್ಣಿನಂಗಡಿಯಾಕೆ. ಮಗಳ ಮುಖ ಬಾಡಿತ್ತು.

"ಕೊಳ್ಳೋರು ಈ ಮುದ್ರೆ ನಂಬಿ ತಾನೇ ಅಕ್ಕ, ನಿಮ್ಮ ಹತ್ರ ಬರೋದು? ಹಾಕೋಕಾಗಲ್ಲ."

ಮೇಸ್ತ್ರಿಯ ಸಿಟ್ಟು ಜರ್ರನೆ ಇಳಿಯಿತು. ಎದೆ ತುಂಬಿ ಬಂತು. ಇಂಥವಳನ್ನು ಬೆಳೆಸಿದ್ದು ತಾನೇ ಅಲ್ಲವೇ! ತಪ್ಪು ನನ್ನದು, ಎಲ್ಲ ತಕ್ಕಡಿಗಳನ್ನೂ ಪುಕ್ಕಟೆ ಸರಿಮಾಡಿ ಕೊಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಬಟ್ಟುಗಳನ್ನು ಅವಳ ಮುಂದೆ ಸರಿಸಿದ.

"ಜಪ್ತಿ ಮಾಡ್ಕೊಳ್ಳಿ, ಮೇಡಂ."

ಹಾಗೆಲ್ಲ ಕರೀಬೇಡಿ ಎಂದು ಮಗಳು ಕಣ್ಣೊರೆಸಿಕೊಂಡಳು.

"ಮನೇಲಿ ನೀನು ನನ್ನ ಮಗಳು," ಎಂದ ಮೇಸ್ತ್ರಿ. "ಇಲ್ಲಿ ನೀವು ಹೇಳಿದ್ದೇ ತೂಕ."